ಗೊಂಬೆ ಪೆಟ್ಟಿಗೆಯಲ್ಲಿ ಉಳಿದ ಹಲ್ಲು

ನುಸಿಗುಳಿಗೆಯ ವಾಸನೆ ಯಾರಿಗೆ ತಾನೇ ಇಷ್ಟವಾಗುತ್ತದೆ ಎಂದು ನೀವು ಕೇಳಬಹುದು. ನನಗೆ ಇಷ್ಟ. ವರ್ಷಕ್ಕೊಮ್ಮೆ, ನವರಾತ್ರಿಗೆ ಮುಂಚೆ, ಟೆಕ್ಸಸ್ಸಿನ ಅಲೆನ್ ಊರಿನ ನಮ್ಮ ಮನೆಯ ಗರಾಜಿನಿಂದ ಗೊಂಬೆ ಪೆಟ್ಟಿಗೆಯನ್ನು ಒಳಗೆ ತಂದು ಮುಚ್ಚಳ ತೆಗೆದ ಕೂಡಲೇ ಅದು ಮೂಗಿಗೆ ಹೊಡೆಯುತ್ತದೆ. ಅದರ ಬೆನ್ನಿಗೇ ಅಮ್ಮನ ಹಳೆಯ ಸೀರೆಯ ವಾಸನೆ. ಮೈಸೂರಿನಿಂದ ಬಂದಿದ್ದಾಗ ಅಮ್ಮ ಆ ಸೀರೆಯನ್ನು ಹರಿದು ತುಂಡು ಮಾಡಿ ಒಂದೊಂದು ಗೊಂಬೆಗೂ ಸುತ್ತಿಟ್ಟಿದ್ದಳು. ಇವತ್ತಿಗೂ ಅದೇ ತುಂಡುಗಳು. ಬಿಚ್ಚುತ್ತ ಹೋದರೆ ಪಟ್ಟದ ರಾಜ, ಪಟ್ಟದ ರಾಣಿ, ಶೆಟ್ಟಿ, ಶೆಟ್ಟಿತಿ, ಒಂದು ಕಿವಿ ಮುರಿದ ಆನೆ. ಕೊನೆಯ ಗಂಟಿನಲ್ಲಿ ಒಂದು ಸಾಲು ಹಲ್ಲು.

ಗಾಬರಿಯಾಗಬೇಡಿ, ಪ್ಲಾಸ್ಟರಿನ ಹಲ್ಲು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಎರಕ ಹುಯ್ಯುತ್ತಾರಲ್ಲ, ಆ ಬಗೆಯದು. ಮೇಲಿನ ದವಡೆ. ಎದುರಿನ ಎರಡು ಹಲ್ಲುಗಳಲ್ಲಿ ಒಂದು, ಸಾಲು ಬಿಟ್ಟು ಕೊಂಚ ಮುಂದೆ ಬಂದು, ಸೊಟ್ಟಗೆ ನಿಂತಿದೆ. ಮೂಲೆ ಮುಕ್ಕಾಗಿದೆ. ಅದನ್ನು ನಾವು ಪಟ್ಟದ ರಾಣಿಯ ಪಕ್ಕದಲ್ಲೇ ಕೂರಿಸುತ್ತೇವೆ. ಗೊಂಬೆ ನೋಡಲು ಬಂದವರು ರಾಜನನ್ನು ನೋಡಿ, ರಾಣಿಯನ್ನು ನೋಡಿ, ಆಮೇಲೆ ಗಕ್ಕನೆ ನಿಲ್ಲುತ್ತಾರೆ. "ಅಂಕಲ್, ಇದು?" ಎಂದು ಕೇಳುತ್ತಾರೆ. "ನಮ್ಮ ಅತ್ತೆಯವರದು" ಎಂದು ನಾನು ಗಂಭೀರವಾಗಿ ಹೇಳುವುದು, ನನ್ನ ಹೆಂಡತಿ ಸುಧಾ ಕಣ್ಣು ಕೆಕ್ಕರಿಸುವುದು, ಇದು ಎಷ್ಟೋ ವರ್ಷಗಳಿಂದ ನಡೆದುಬಂದ ಸಂಪ್ರದಾಯ. ತಮಾಷೆ ಹಳಸಿದೆಯೆಂದು ಸುಧಾ ಹೇಳುತ್ತಾಳೆ. ಹಳಸಿದ್ದನ್ನು ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ನಿಜ ಏನೆಂದರೆ, ಆ ಹಲ್ಲು ಮಿಸ್ಟರ್ ಹಾಲಿಸ್ ಅವರದು. ವರ್ನೆಲ್ ಹಾಲಿಸ್, ಟ್ರಂಪೆಟ್ ವಾದಕರು.

ನಾವು ಆಗ ಹ್ಯೂಸ್ಟನ್ನಿನ ಪಶ್ಚಿಮಕ್ಕೆ ಕೇಟಿಯಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಒಂದು ಎಣ್ಣೆ ಕಂಪನಿಗೆ ಕಂಪ್ಯೂಟರ್ ಪ್ರೋಗ್ರಾಮು ಬರೆಯುತ್ತಿದ್ದೆ. ಅಂದರೆ ದಿನದ ಅರ್ಧ ಐ-ಟೆನ್ ರಸ್ತೆಯ ಮೇಲೆ ಮುಂದಿನ ಕಾರಿನ ಕೆಂಪು ದೀಪ ನೋಡುತ್ತಿದ್ದೆ. ಸುಧಾ ದಾವಣಗೆರೆಯಲ್ಲಿ ದಂತವೈದ್ಯಕೀಯ ಓದಿ, ಇಲ್ಲಿ ಮತ್ತೆ ಓದಿ, ಕೃತಕ ಹಲ್ಲು ಕೂರಿಸುವುದರಲ್ಲಿ ಪರಿಣತಿ ಪಡೆದು, ಹ್ಯೂಸ್ಟನ್ನಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳಿಗೆ ಒಂದು ಅಭ್ಯಾಸವಿತ್ತು. ಕಷ್ಟದ ಬಾಯಿ ಬಂದರೆ ಅದರ ಪ್ಲಾಸ್ಟರ್ ಅಚ್ಚಿನ ಒಂದು ಪ್ರತಿಯನ್ನು ಮನೆಗೆ ತಂದು, ಸಂಜೆ ಕಾಫಿ ಕುಡಿಯುತ್ತ ತಿರುಗಿಸಿ ತಿರುಗಿಸಿ ನೋಡುವುದು. ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿ ಇರುವಂತೆ ಯಾರದಾದರೂ ದವಡೆ ಇರುತ್ತಿತ್ತು. ನಾನು ಒಗ್ಗಿಹೋಗಿದ್ದೆ.

ಹಾಗೆ ಒಂದು ದಿನ ಬಂದದ್ದು ಮಿಸ್ಟರ್ ಹಾಲಿಸ್ ಅವರ ದವಡೆ. ಎಪ್ಪತ್ತರ ಹತ್ತಿರದ ಮನುಷ್ಯ. ವಸಡು ಸಡಿಲವಾಗಿ ಮುಂದಿನ ಹಲ್ಲುಗಳೆಲ್ಲ ಅಲ್ಲಾಡುತ್ತಿದ್ದವು. "ಟ್ರಂಪೆಟ್ ಊದ್ತಾರಂತೆ ರೀ. ಹಲ್ಲು ತೆಗೆದ್ರೆ ಊದಕ್ಕಾಗತ್ತಾ ಅಂತ ಒಂದೇ ಪ್ರಶ್ನೆ. ನೋವಾಗತ್ತಾ, ಎಷ್ಟು ದಿನ ಬೇಕು, ಏನೂ ಕೇಳ್ಲಿಲ್ಲ" ಎಂದು ಸುಧಾ ಹೇಳಿದಳು.

ಅವರ ಕಥೆ ನನಗೆ ತುಣುಕು ತುಣುಕಾಗಿ ತಿಳಿದದ್ದು, ಬಹುಪಾಲು ಕಾರಿನಲ್ಲಿ. ಕಣ್ಣು ಮಂಜಾಗಿ ಅವರು ಕಾರು ಓಡಿಸುವುದನ್ನು ಬಿಟ್ಟಿದ್ದರು. ಕ್ಲಿನಿಕ್ಕಿನಿಂದ ಸುಧಾಳನ್ನು ಕರೆತರಲು ಹೋದಾಗ ನಾನೇ ಅವರನ್ನೂ ಮನೆಗೆ ಬಿಡುವುದು ರೂಢಿಯಾಯಿತು. ಅವರ ಮಾತೆಲ್ಲ ಟೆಕ್ಸಸ್ಸಿನ ನಿಧಾನದ ಇಂಗ್ಲಿಷಿನಲ್ಲಿ. ನನ್ನ ಕಿವಿಯಲ್ಲಿ ಅದೇಕೋ ಕನ್ನಡದಲ್ಲಿ ಉಳಿದುಬಿಟ್ಟಿದೆ.

ಹುಟ್ಟಿದ್ದು ಡಲ್ಲಾಸ್‌ನಲ್ಲಿ, ಊರಿನ ದಕ್ಷಿಣಕ್ಕೆ. ತಾಯಿ ಚರ್ಚಿನಲ್ಲಿ ಹಾಡುತ್ತಿದ್ದಳು. ಚಿಕ್ಕ ವಯಸ್ಸಿನಲ್ಲಿ ಆ ಚರ್ಚಿನ ಮೆಟ್ಟಿಲ ಮೇಲೆ ಓಡಿ, ಮುಗ್ಗರಿಸಿ ಬಿದ್ದು, ಮುಂದಿನ ಹಲ್ಲು ಮುಕ್ಕಾಗಿ ಸೊಟ್ಟಗಾಯಿತು. ತಾಯಿ ಅಳಲಿಲ್ಲ, ಬೈಯಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಹಾಡುವವರ ಪಕ್ಕದಲ್ಲಿ ಕೂರಿಸಿಕೊಂಡಳು. ಶಾಲೆಯ ಬ್ಯಾಂಡಿನಲ್ಲಿ ಯಾರೂ ಬೇಡವೆಂದ ಒಂದು ಟ್ರಂಪೆಟ್ಟು ಇತ್ತು, ಅದು ಇವರ ಪಾಲಿಗೆ ಬಂತು. ಇಪ್ಪತ್ತು ದಾಟಿದ ಮೇಲೆ ಬಸ್ಸು ಹತ್ತಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ದೊಡ್ಡವರ ರೆಕಾರ್ಡುಗಳಲ್ಲಿ ಊದಿದರು. ಹೆಸರು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ. ತಮ್ಮದೇ ಹೆಸರಿನಲ್ಲಿ ಬಂದದ್ದು ಒಂದೇ ಒಂದು ಎಲ್.ಪಿ. ಅದನ್ನು ಹೊರತಂದ ಕಂಪನಿ ಸ್ವಲ್ಪ ಕಾಲದಲ್ಲೇ ಬಾಗಿಲು ಹಾಕಿತು. ತಾಯಿಗೆ ಕಾಯಿಲೆಯಾಯಿತೆಂದು ಟೆಕ್ಸಸ್‌ಗೆ ಮರಳಿದವರು ಮತ್ತೆ ಹೋಗಲಿಲ್ಲ. ಹ್ಯೂಸ್ಟನ್ನಿನ ಶಾಲೆಯೊಂದರಲ್ಲಿ ಬ್ಯಾಂಡ್ ಮೇಷ್ಟ್ರಾಗಿ, ಶನಿವಾರ ಒಂದು ಸಣ್ಣ ಕ್ಲಬ್ಬಿನಲ್ಲಿ, ಭಾನುವಾರ ಚರ್ಚಿನಲ್ಲಿ ಊದಿಕೊಂಡು ಬಂದರು. ತನ್ನ ತುತ್ತೂರಿಯನ್ನು ತಾನೇ ಊದಿಕೊಳ್ಳುವವರು ನಮ್ಮ ಆಫೀಸಿನಲ್ಲಿ ಬೇಕಾದಷ್ಟು ಜನರಿದ್ದರು. ಜೀವಮಾನವಿಡೀ ತುತ್ತೂರಿಯನ್ನೇ ಊದಿದ ಈ ಮನುಷ್ಯ ತಮ್ಮ ಬಗ್ಗೆ ಹೇಳಿಕೊಂಡದ್ದು ಇಷ್ಟೇ.

"ಹಾರ್ಡ್ ಬಾಪ್ ಅಂದರೆ ಏನು?" ಎಂದು ನಾನು ಒಮ್ಮೆ ಕೇಳಿದೆ. ಅವರು ನುಡಿಸುವ ಬಗೆಯ ಜಾಝ್ ಸಂಗೀತಕ್ಕೆ ಆ ಹೆಸರು ಎಂದು ಎಲ್ಲೋ ಓದಿದ್ದೆ.

"ಶನಿವಾರ ಕ್ಲಬ್ಬಿಗೆ ಹೋದವನೇ ಭಾನುವಾರ ಚರ್ಚಿಗೂ ಹೋಗ್ತಾನೆ ತಾನೆ? ಅಂಗಿ ಬದಲಾಯಿಸ್ತಾನೆ, ಶ್ವಾಸಕೋಶ ಬದಲಾಯಿಸಕ್ಕಾಗಲ್ಲ. ಅದು ಈ ಸಂಗೀತ" ಎಂದರು.

ನನಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಸಂಗೀತದಲ್ಲಿ ನನ್ನ ವಿದ್ಯೆ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ನನ್ನನ್ನು ಪಾಠಕ್ಕೆ ಹಾಕಿದ್ದರು. ಸರಳೆ ವರಸೆಯನ್ನು ನಾನು ಒಂದು ವಾರ ಹಾಡಿದ ಮೇಲೆ ಮೇಷ್ಟ್ರು ನನ್ನ ತಲೆ ಸವರಿ, "ನೀನು ಕೇಳು ಮಗು, ಸಾಕು" ಎಂದರು. ಗುರುವಾಕ್ಯ ಮೀರಬಾರದಲ್ಲ. ಅಂದಿನಿಂದ ಶ್ರೀರಾಮನವಮಿಯ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತೊಡೆ ತಟ್ಟಿ, ಒಳ್ಳೆಯ ಸಂಗತಿ ಬಿದ್ದಾಗ "ಭೇಷ್!" ಎಂದು ಕೂಗುವ ಗುಂಪಿಗೆ ಸೇರಿದೆ. ಆ ಚಟ ಅಮೆರಿಕಕ್ಕೂ ಬಂತು. ಇಲ್ಲಿಯ ಸಭಾಂಗಣಗಳಲ್ಲಿ ನನ್ನ ಪಕ್ಕ ಕೂರುವುದೆಂದರೆ ಸುಧಾಳಿಗೆ ಶಿಕ್ಷೆ. "ರೀ, ಇದು ರಾಮಮಂದಿರ ಅಲ್ಲ" ಎಂದು ಚಿವುಟುತ್ತಾಳೆ.

ಮತ್ತೆ ಹಲ್ಲಿನ ವಿಷಯಕ್ಕೆ ಬರೋಣ. ಅವಸರ ಏನಿತ್ತೆಂದರೆ, ಆಸ್ಟಿನ್ನಿನ ಒಂದು ಸಣ್ಣ ಸ್ಟುಡಿಯೋದವರು ಮಿಸ್ಟರ್ ಹಾಲಿಸ್ ಅವರ ಹಳೆಯ ಎಲ್.ಪಿ. ಕೇಳಿ ಮರುಳಾಗಿ, ಹೊಸದೊಂದು ರೆಕಾರ್ಡು ಮಾಡೋಣ ಬನ್ನಿ ಎಂದು ಕರೆದಿದ್ದರು. ಮೊದಲನೆಯದಾದ ನಲವತ್ತು ವರ್ಷಕ್ಕೆ ಎರಡನೆಯದು. ಮಿಸ್ಟರ್ ಹಾಲಿಸ್ ಅವರಿಗೆ ಅದರಲ್ಲಿ ಬೇಕಾಗಿದ್ದುದು ಒಂದೇ ಒಂದು ಹಾಡು. ತಾಯಿಗೆಂದು ಕಟ್ಟಿದ ನಿಧಾನದ ಹಾಡು, ಹೆಸರು ‘ಚರ್ಚಿನ ಮೆಟ್ಟಿಲು’. ನ್ಯೂಯಾರ್ಕಿನಲ್ಲಿ ಅದನ್ನೂ ನುಡಿಸಿದ್ದರು. ಆದರೆ ಜನಕ್ಕೆ ಚುರುಕಿನದು ಬೇಕು ಎಂದು ಕಂಪನಿಯವರು ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನು ಹಾಕಿದರು. ತಾಯಿ ತೀರಿಕೊಳ್ಳುವವರೆಗೂ ಎಲ್.ಪಿ.ಯನ್ನು ಎರಡೂ ಬದಿ ತಿರುಗಿಸಿ ಹಾಕಿಸಿ, "ನನ್ನ ಹಾಡು ಯಾವುದೋ?" ಎಂದು ಕೇಳುತ್ತಿದ್ದಳಂತೆ. ಇದನ್ನು ಹೇಳುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ನಾನು ರಸ್ತೆ ನೋಡುತ್ತಿದ್ದೆ.

ಅದೇ ಶರತ್ಕಾಲದಲ್ಲಿ ಅಮ್ಮ ಆರು ತಿಂಗಳ ವೀಸಾದಲ್ಲಿ ನಮ್ಮ ಮನೆಗೆ ಬಂದಿದ್ದಳು. ನವರಾತ್ರಿಗೆ ಗೊಂಬೆ ಕೂರಿಸಲೇಬೇಕೆಂದು ಹಟ. ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು. ಮೂರು ಸಾಲದು, ಐದು. ನಮ್ಮಲ್ಲಿದ್ದ ಗೊಂಬೆ ಮೂರಕ್ಕೂ ಕಷ್ಟ. ಹ್ಯೂಸ್ಟನ್ನಿನಲ್ಲಿ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ಬೀದಿಯನ್ನೆಲ್ಲ ಸುತ್ತಿದರೆ ಸಿಕ್ಕಿದ್ದು ಗಣೇಶ, ಗಣೇಶ, ಮತ್ತೊಂದು ಗಣೇಶ. ಒಂದು ಸಂಜೆ ನಾವಿಬ್ಬರೂ ಮನೆಗೆ ಬಂದು ನೋಡಿದರೆ ಐದು ಮೆಟ್ಟಿಲೂ ತುಂಬಿವೆ. ಕೆಳಗಿನ ಮೆಟ್ಟಿಲಲ್ಲಿ ಹೊಸ ದೃಶ್ಯ. ಬೆಂಕಿಪೊಟ್ಟಣದ ಕುರ್ಚಿಯ ಮೇಲೆ ಶೆಟ್ಟಿ ಕೂತಿದ್ದಾನೆ. ಎದುರಿಗೆ, ಅವನಷ್ಟೇ ದೊಡ್ಡದಾಗಿ, ಮಿಸ್ಟರ್ ಹಾಲಿಸ್ ಅವರ ದವಡೆ. ಅದಕ್ಕೆ ಅರಿಶಿನ ಕುಂಕುಮ.

"ಅಮ್ಮಾ, ಏನಿದು?" ಎಂದೆ.

"ಸುಧಾನ ಆಸ್ಪತ್ರೆ ಕಣೋ. ಮೇಜಿನ ಮೇಲೆ ಬಿಳೀ ಗೊಂಬೆ ಇಟ್ಟಿದ್ಲಲ್ಲ, ಗೊಂಬೆ ಕೂರ್ಸಕ್ಕೇ ಮಾಡಿರೋದು ಅಂದ್ಕೊಂಡೆ. ಯಾಕೆ, ಚೆನ್ನಾಗಿಲ್ವಾ?"

ಸುಧಾ ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಬಂದವರೆಲ್ಲ ಮೆಚ್ಚಿದರು. ಹಬ್ಬ ಮುಗಿಯಿತು, ಗೊಂಬೆಗಳು ಮಲಗಿದವು, ಅಮ್ಮ ಊರಿಗೆ ಹೋದಳು. ಅಚ್ಚನ್ನು ತಾನೇ ಕ್ಲಿನಿಕ್ಕಿಗೆ ವಾಪಸ್ಸು ಒಯ್ದೆನೆಂದೇ ಸುಧಾಳ ನೆನಪು.

ಚಳಿಗಾಲದಲ್ಲಿ ಮಿಸ್ಟರ್ ಹಾಲಿಸ್ ಅವರ ಹಲ್ಲು ತೆಗೆದದ್ದಾಯಿತು, ಹೊಸದು ಕೂರಿಸಿದ್ದೂ ಆಯಿತು. ಸುಧಾ ಅವತ್ತು ಮನೆಗೆ ಬಂದಾಗ ಮುಖ ಅರಳಿತ್ತು. "ನೋಡ್ಬೇಕಿತ್ತು ರೀ ನೀವು. ಮುತ್ತು ಜೋಡಿಸಿದ ಹಾಗಿದೆ. ಕನ್ನಡಿ ನೋಡಿ ಹತ್ತು ವರ್ಷ ಚಿಕ್ಕೋನಾದೆ ಅಂದ್ರು." ಸೊಟ್ಟ ಹಲ್ಲು ಕಂಡರೆ ನೆಟ್ಟಗೆ ಮಾಡಬೇಕು. ಬೇರೇನನ್ನಾದರೂ ಯೋಚಿಸುವ ದಂತವೈದ್ಯರು ಭೂಮಿಯ ಮೇಲೆ ಇದ್ದಾರೆಯೇ? ಗೋಡೆಯ ಮೇಲೆ ಓರೆಯಾಗಿರುವ ಪಟವನ್ನು ಕಂಡರೆ ಸರಿಪಡಿಸದೆ ಕಾಫಿ ಕುಡಿಯಲಾರದ ಹೆಂಗಸು ಇವಳು.

ಕೆಲವು ವಾರಗಳ ಮೇಲೆ ಅವರು ಬಂದರು, ಟ್ರಂಪೆಟ್ಟಿನ ಪೆಟ್ಟಿಗೆ ಹಿಡಿದುಕೊಂಡು. ಸುಧಾಳ ಕುರ್ಚಿಯಲ್ಲಿ ಕೂತು ತುಟಿಗೆ ಇಟ್ಟು ಊದಿದರು. ನಾನು ಹೊರಗೆ ಕಾಯುತ್ತಿದ್ದೆ. ಗಾಳಿಯ ಸದ್ದು ಬಂತು, ಒಂದು ಒಡಕು ಸ್ವರ ಬಂತು, ಮತ್ತೆ ಗಾಳಿ. ಅವರ ತುಟಿ ಅರವತ್ತು ವರ್ಷ ಆ ಸೊಟ್ಟ ಹಲ್ಲಿಗೆ ಒರಗಿಕೊಂಡೇ ಸ್ವರ ಹುಡುಕುವುದನ್ನು ಕಲಿತಿತ್ತು. ಈಗ ಅಲ್ಲಿ ನುಣುಪಾದ ಗೋಡೆ. ಎಲ್ಲಿ ಇಟ್ಟರೂ ಜಾರುತ್ತಿತ್ತು.

"ತಪ್ಪು ತಿಳ್ಕೋಬೇಡಿ ಡಾಕ್ಟರ್, ಹಲ್ಲು ಬಹಳ ಚೆನ್ನಾಗಿದೆ. ಊಟ ಮಾಡ್ತೀನಿ, ನಗ್ತೀನಿ. ಆಸ್ಟಿನ್ನಿನವರಿಗೆ ಬೇರೆ ಯಾರನ್ನಾದರೂ ನೋಡ್ಕೊಳ್ಳಿ ಅಂತ ಹೇಳ್ತೀನಿ" ಎಂದರು. ಬೈದಿದ್ದರೆ ಸುಧಾ ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಅವರನ್ನು ಮನೆಗೆ ಇಳಿಸಿದ ಮೇಲೆ ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು. "ಒಬ್ಬ ಮನುಷ್ಯನ ದನೀನೇ ಕಿತ್ತುಹಾಕ್ಬಿಟ್ಟೆ ರೀ, ಸಾಲು ನೇರ ಇರ್ಲಿ ಅಂತ."

ಹಳೆಯ ಹಲ್ಲಿನ ಆಕಾರ ಸಿಕ್ಕಿದರೆ ಅಷ್ಟೇ ಸೊಟ್ಟಗೆ ಹೊಸ ಹಲ್ಲು ಮಾಡಬಹುದಿತ್ತು. ಎಷ್ಟು ಮುಂದೆ, ಎಷ್ಟು ವಾರೆ, ಮುಕ್ಕು ಎಲ್ಲಿ, ಕೂದಲೆಳೆಯಷ್ಟು ವ್ಯತ್ಯಾಸವಾದರೂ ಆಗದು. ಕ್ಲಿನಿಕ್ಕಿನಲ್ಲಿ ಹುಡುಕಿದರೆ, ಜಾಗ ಸಾಲದೆಂದು ಮುಗಿದ ಕೆಲಸಗಳ ಅಚ್ಚುಗಳನ್ನೆಲ್ಲ ಆಗಲೇ ಎಸೆದಿದ್ದರು. ನೆನಪಿನಿಂದ ಸುಧಾ ಮೇಣದಲ್ಲಿ ಮಾಡಿ ನೋಡಿದಳು, ಮುರಿದಳು, ಮತ್ತೆ ಮಾಡಿದಳು. ಮನೆಯಲ್ಲಿ ನಗುವಿರಲಿಲ್ಲ.

ಭಾನುವಾರದ ಫೋನಿನಲ್ಲಿ ಅಮ್ಮನಿಗೆ ದನಿಯಲ್ಲೇ ಗೊತ್ತಾಯಿತು. "ಏನಾಯ್ತೋ ಅವಳಿಗೆ?" ಎಂದಳು. ಹೇಳಿದೆ.

"ಆ ಹಲ್ಲಾ? ಗೊಂಬೆ ಪೆಟ್ಟಿಗೇಲಿದೆಯಲ್ಲೋ."

"ಇಲ್ಲಮ್ಮ, ಅದನ್ನ ಸುಧಾ ವಾಪಸ್ ತಗೊಂಡು ಹೋದ್ಲು."

"ಅವಳೆಲ್ಲಿ ತಗೊಂಡು ಹೋದ್ಲು? ನಾನೇ ಸೀರೆ ಸುತ್ತಿ ಇಟ್ಟಿದೀನಿ, ಆನೆ ಪಕ್ಕ. ಒಂದು ಸಲ ಕೂರ್ಸಿ ಪೂಜೆ ಮಾಡಿದ ಗೊಂಬೆನ ಯಾರಾದ್ರೂ ಹೊರಗೆ ಬಿಡ್ತಾರೇನೋ?"

ನಮ್ಮ ಮನೆಯಲ್ಲಿ ನವರಾತ್ರಿಗೆ ಮುಂಚೆ ಆ ಪೆಟ್ಟಿಗೆ ತೆರೆಯುವ ಪದ್ಧತಿಯಿಲ್ಲ. ಸುಧಾ ಫೋನು ಕಸಿದುಕೊಂಡು, "ಅತ್ತೆ, ಈಗ ತೆಗೀಬಹುದಾ?" ಎಂದು ಕೇಳಿದಳು. "ತೆಗಿಯೇ. ರಾಜ ರಾಣಿಗೆ ಎಚ್ಚರ ಆಗದ ಹಾಗೆ ತೆಗಿ" ಎಂದಳು ಅಮ್ಮ. ಗರಾಜಿನಲ್ಲಿ ಮುಚ್ಚಳ ಎತ್ತಿದಾಗ ಬಂದ ನುಸಿಗುಳಿಗೆಯ ವಾಸನೆಯೇ ನಾನು ಮೊದಲಲ್ಲಿ ಹೇಳಿದ್ದು. ಆನೆಯ ಪಕ್ಕದಲ್ಲಿತ್ತು. ಕುಂಕುಮ ಇನ್ನೂ ಅಂಟಿಕೊಂಡಿತ್ತು.

ಆಮೇಲಿನ ದಿನಗಳಲ್ಲಿ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಮಲಗಿದ್ದವರೆಲ್ಲ ಟ್ರಂಪೆಟ್ ಕೇಳುವಂತಾಯಿತು. ಸುಧಾ ತಾತ್ಕಾಲಿಕ ಹಲ್ಲು ಕೂರಿಸುವುದು, ಅವರು ಊದುವುದು, ತಲೆಯಾಡಿಸುವುದು, ಇವಳು ಒಂದಿಷ್ಟು ಉಜ್ಜುವುದು, ಮತ್ತೆ ಊದುವುದು. ನಮ್ಮ ಕಡೆ ಮೃದಂಗಕ್ಕೆ ಶ್ರುತಿ ಮಾಡುತ್ತಾರಲ್ಲ, ತಟ್ಟಿ ಕೇಳಿ, ತಟ್ಟಿ ಕೇಳಿ, ಹಾಗೆ. ಒಂದು ಮಧ್ಯಾಹ್ನ ಗಾಳಿ ಸದ್ದಿಲ್ಲದ, ದಪ್ಪನೆಯ, ಬೆಚ್ಚಗಿನ ಒಂದು ಸ್ವರ ಬಾಗಿಲು ದಾಟಿ ಹೊರಗೆ ಬಂತು. ಕಾಯುತ್ತ ಕೂತಿದ್ದ ಒಬ್ಬಾಕೆ ಪತ್ರಿಕೆ ಮಡಿಸಿಟ್ಟಳು.

ಬೇಸಿಗೆಯಲ್ಲಿ ಮೂವರೂ ಆಸ್ಟಿನ್‌ಗೆ ಹೋದೆವು. ಸುಧಾ ಒಂದು ಚೀಲದಲ್ಲಿ ಹಲ್ಲು ಉಜ್ಜುವ ಸಾಮಾನು, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿಯ ತುಂಬ ಚಿತ್ರಾನ್ನ ತಂದಿದ್ದಳು. ಊದುವ ಮುಂಚೆ ಏನೂ ತಿನ್ನುವುದಿಲ್ಲವೆಂದು ಮಿಸ್ಟರ್ ಹಾಲಿಸ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಸ್ಟುಡಿಯೋ ಎಂದರೆ ಒಂದು ಹಳೆಯ ಮನೆ, ಗೋಡೆಗೆಲ್ಲ ಕಂಬಳಿ. ಸದ್ದು ಬರುತ್ತದೆಂದು ಏಸಿಯನ್ನೂ ಆರಿಸಿಬಿಟ್ಟರು, ಟೆಕ್ಸಸ್ಸಿನ ಬೇಸಿಗೆಯಲ್ಲಿ! ಪಿಯಾನೋ, ಬಾಸ್, ಡ್ರಮ್ಮಿನವರೆಲ್ಲ ಅವರ ಹಳೆಯ ಶಿಷ್ಯರು. "ಡಾಕ್ಟರ್ ನನ್ನ ಕಣ್ಣೆದುರಿಗಿರಲಿ" ಎಂದು ಮಿಸ್ಟರ್ ಹಾಲಿಸ್ ಹಟ ಮಾಡಿದ್ದರಿಂದ ನಮ್ಮಿಬ್ಬರಿಗೂ ಅದೇ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿದರು. ಕೆಮ್ಮಬಾರದು, ಕುರ್ಚಿ ಅಲ್ಲಾಡಿಸಬಾರದು ಎಂದು ಗಡ್ಡದ ಇಂಜಿನಿಯರು ಎಚ್ಚರಿಕೆ ಕೊಟ್ಟ. ಕೆಂಪು ದೀಪ ಹೊತ್ತಿತು.

ಚುರುಕಿನ ಹಾಡುಗಳು ಮುಗಿದು ‘ಚರ್ಚಿನ ಮೆಟ್ಟಿಲು’ ಬಂತು. ಅದನ್ನು ಹೇಗೆ ಹೇಳಲಿ? ಒಬ್ಬ ಮುದುಕ ತಾಯಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವಷ್ಟು ನಿಧಾನ. ಎಲ್ಲಿಯೂ ಅಳು ಇಲ್ಲ. ಕೊನೆಯ ಹತ್ತಿರ ಮೇಲಿನ ಒಂದು ಸ್ವರ, ತೀರಾ ಮೆಲ್ಲಗೆ ಹಿಡಿಯಬೇಕಾದದ್ದು. ಆ ನುಣುಪು ಹಲ್ಲಿನಲ್ಲಿ ಬಾರದೇ ಹೋದದ್ದು ಅದೇ. ಸುಧಾ ನನ್ನ ಮಣಿಕಟ್ಟು ಹಿಡಿದಿದ್ದಳು. ಸ್ವರ ಬಂತು. ನಿಂತಿತು. ನಿಂತೇ ಇತ್ತು. ಆಮೇಲೆ ಅದನ್ನು ಇಷ್ಟೇ ಇಷ್ಟು ಬಾಗಿಸಿ ಕೆಳಗಿಳಿಸಿದರು ನೋಡಿ, ನನಗೆ ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು.

"ಭೇಷ್!" ಎಂದೆ.

ಎಂದೆ ಅಲ್ಲ, ಕೂಗಿದೆ. ತೊಡೆಯನ್ನೂ ತಟ್ಟಿದೆ. ಸುಧಾಳ ಉಗುರು ಚರ್ಮಕ್ಕೆ ಇಳಿಯಿತು. ಗಾಜಿನಾಚೆ ಇಂಜಿನಿಯರು ತಲೆಯ ಮೇಲೆ ಕೈಯಿಟ್ಟುಕೊಂಡ. ಮಿಸ್ಟರ್ ಹಾಲಿಸ್ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡೇ ಹಾಡನ್ನು ಕೊನೆ ಮುಟ್ಟಿಸಿ, ಕೆಂಪು ದೀಪ ಆರಿದ ಮೇಲೆ ನನ್ನ ಕಡೆ ತಿರುಗಿದರು.

"ಏನಂದಿರಿ?"

ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು. ಅರ್ಥ ಹೇಳಿದೆ. ನಮ್ಮ ಕಚೇರಿಗಳಲ್ಲಿ ಚೆನ್ನಾಗಿ ಬಂದಾಗ ಹಾಗೆ ಹೇಳುವುದು ವಾಡಿಕೆ ಎಂದೆ. ಇನ್ನೊಂದು ಸಲ ನುಡಿಸಿಬಿಡೋಣ ಎಂದು ಇಂಜಿನಿಯರು ಶುರುಮಾಡಿದ. ಅವರು ಕೈ ಅಡ್ಡ ಮಾಡಿದರು.

"ನಮ್ಮಮ್ಮನ ಚರ್ಚಿನಲ್ಲಿ ಒಳ್ಳೇ ಸಾಲು ಬಂದರೆ ಯಾರಾದರೂ ಒಬ್ಬರು ಕೂಗಲೇಬೇಕು. ಯಾರೂ ಕೂಗದಿದ್ದರೆ ಹಾಡಿದವರು ಮನೆಗೆ ಹೋಗಿ ಅಳ್ತಾರೆ. ಇದೇ ಇರಲಿ."

ಆಮೇಲೆ ಅಂಗಳದ ನೆರಳಿನಲ್ಲಿ ಕೂತು ಚಿತ್ರಾನ್ನ ತಿಂದರು. ಕಡಲೆಬೀಜವನ್ನು ಮುಂದಿನ ಹಲ್ಲಿನಲ್ಲಿ ಕಡಿಯುವುದನ್ನು ಕಂಡು ಸುಧಾ ಚೀರಿದಳು.

ಸಿ.ಡಿ. ಬಂತು. ದೊಡ್ಡ ಸುದ್ದಿಯೇನೂ ಆಗಲಿಲ್ಲ. ಕೇಳಬೇಕಾದ ಕೆಲವರು ಕೇಳಿದರು. ಹಿಂಬದಿಯಲ್ಲಿ ಟ್ರಂಪೆಟ್, ಪಿಯಾನೋ, ಬಾಸ್, ಡ್ರಮ್ ಎಂದು ಎಲ್ಲರ ಹೆಸರೂ ಇದೆ. ಕೊನೆಯಲ್ಲಿ ‘ಹಲ್ಲು: ಡಾಕ್ಟರ್ ಸುಧಾ’ ಎಂದಿದೆ. ನನ್ನ ಹೆಸರಿಲ್ಲ. ನನ್ನ ರೆಕಾರ್ಡಿಂಗ್ ಜೀವನ ಒಂದೇ ಶಬ್ದದಲ್ಲಿ ಆರಂಭವಾಗಿ ಅದರಲ್ಲೇ ಮುಗಿಯಿತು. ಮುಂದಿನ ನವರಾತ್ರಿಗೆ ಮಿಸ್ಟರ್ ಹಾಲಿಸ್ ಕೇಟಿಯ ಮನೆಗೆ ಬಂದರು. ರಾಣಿಯ ಪಕ್ಕಕ್ಕೆ ಬಡ್ತಿ ಪಡೆದಿದ್ದ ತಮ್ಮ ಹಲ್ಲನ್ನು ನೋಡಿ ಟೋಪಿ ತೆಗೆದರು. ಗೊಂಬೆಯ ಮುಂದೆ ಬಂದವರು ಒಂದು ಹಾಡು ಹೇಳಬೇಕು ಎಂದೆ. ಹೇಳಿದರು, ಟ್ರಂಪೆಟ್ಟಿನಲ್ಲಿ. ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. ಅದಾದ ಮೇಲೆ ಕೆಲವು ವರ್ಷ ಊದಿ, ಅವರು ಹೋದರು. ಅಮ್ಮನೂ ಈಗಿಲ್ಲ.

ಡಲ್ಲಾಸ್‌ನ ಉತ್ತರಕ್ಕೆ ನೆಲೆಸಿದ ನಮ್ಮ ಮಗಳ ಹತ್ತಿರ ಇರೋಣವೆಂದು ಅಲೆನ್‌ಗೆ ಶಿಫ್ಟ್ ಆದ ಹೊಸದರಲ್ಲಿ ನಾನು ಡಲ್ಲಾಸ್‌ನ ದಕ್ಷಿಣಕ್ಕೆ ಡ್ರೈವ್ ಮಾಡಿಕೊಂಡು ಹೋಗಿ ಆ ಚರ್ಚನ್ನು ಹುಡುಕಿದೆ. ಚರ್ಚಿದ್ದ ಕಡೆ ಈಗ ಕಾರು ನಿಲ್ಲಿಸುವ ಜಾಗವಿತ್ತು. ಮೆಟ್ಟಿಲು ಇರಲಿಲ್ಲ. ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಆ ಹಾಡು ಹಾಕಿ ಕೇಳಿ ಬಂದೆ.

ಸುಧಾ ಮಾತ್ರ ಅದನ್ನು ಇಷ್ಟು ವರ್ಷ ಪೂರ್ತಿ ಕೇಳಿರಲಿಲ್ಲ. ಮನೆಯಲ್ಲಿ ಹಾಕಿದರೆ ಕೊನೆಯ ಭಾಗಕ್ಕೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. "ಆ ಸ್ವರ ಬರೋ ತನಕ ಉಸಿರು ಕಟ್ಟತ್ತೆ ರೀ. ಎಲ್ಲಿ ಜಾರಿಬಿಡತ್ತೋ ಅಂತ." ಸಿ.ಡಿ.ಯಲ್ಲಿ ಹೇಗೆ ಜಾರುತ್ತದೆ ಎಂದು ನಾನು ನಗುತ್ತಿದ್ದೆ. ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ.

ಈ ವರ್ಷ ಅವಳು ನಿವೃತ್ತಳಾದಳು. ಮೊನ್ನೆ ಗೊಂಬೆ ನೋಡಲು ಬೆಂಗಳೂರಿನಿಂದ ಹೊಸದಾಗಿ ಬಂದ ಗಂಡಹೆಂಡಿರು ಬಂದಿದ್ದರು. ಹುಡುಗಿ ರಾಣಿಯ ಪಕ್ಕ ನೋಡಿ, "ಆಂಟಿ, ಇದು ಯಾರ ಹಲ್ಲು?" ಎಂದಳು. ನಾನು ಅತ್ತೆಯವರನ್ನು ಎಳೆದು ತರಲು ಬಾಯಿ ತೆರೆಯುವಷ್ಟರಲ್ಲಿ ಸುಧಾ, "ಕೂತ್ಕೊಳ್ಳಮ್ಮ, ಕೇಳಿಸ್ತೀನಿ" ಎಂದು ತಾನೇ ಎದ್ದು ಸಿ.ಡಿ. ಹಾಕಿದಳು.

ಹಾಡು ಒಂದೊಂದೇ ಮೆಟ್ಟಿಲು ಹತ್ತಿತು. ಆ ಜಾಗ ಹತ್ತಿರವಾದಂತೆ ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ, ಅವಳು ಏಳಲಿಲ್ಲ. ಗೊಂಬೆಗಳ ಎದುರು ನೆಲದ ಮೇಲೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸ್ವರ ಬಂತು, ನಿಂತಿತು. ಮಿಸ್ಟರ್ ಹಾಲಿಸ್ ಅದನ್ನು ಬಾಗಿಸುವ ಮೊದಲೇ, ಇಪ್ಪತ್ತು ವರ್ಷಗಳ ಹಿಂದಿನ ನನ್ನ ಕೂಗು ಬರುವ ಮೊದಲೇ, ನನ್ನ ಪಕ್ಕದಿಂದ ಒಂದು ಸಣ್ಣ ದನಿ ಕೇಳಿಸಿತು.

"ಭೇಷ್" ಎಂದಳು ಸುಧಾ.